ಪೈಪು ಮಾತ್ರ ನಮ್ಮದು

ಅಣ್ಣಿಗೇರಿಯಲ್ಲಿ ನಮ್ಮ ಕಸುಬು ಶುರುವಾದ ಮೊದಲ ಬೆಳಗ್ಗೆ ನಾನು ಮನೆಯಿಂದ ಹೊರಗೆ ಬಂದು ನೋಡಿದರೆ, ಗುರುತಿಲ್ಲದ ಒಬ್ಬಾತ ನಮ್ಮ ಪೈಪು ಹಿಡಿದು ತನ್ನ ಎಮ್ಮೆಗೆ ಸ್ನಾನ ಮಾಡಿಸುತ್ತಿದ್ದ. ಡೀಸೆಲ್ ಎಂಜಿನ್ನು ಎದೆ ಒಡೆದುಕೊಳ್ಳುವ ಹಾಗೆ ಬಡಿಯುತ್ತಿತ್ತು. ಎಮ್ಮೆ ಕಣ್ಣು ಮುಚ್ಚಿ ಸುಖವಾಗಿ ನಿಂತಿತ್ತು. ಟ್ರ್ಯಾಕ್ಟರು ಲಾರಿಗಳನ್ನು ತೊಳೆಯಲೆಂದು ನಮ್ಮವರು ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಹಾಕಿಕೊಂಡು ತಂದ ಹೊಸ ಪೈಪು ಅದು.

"ಎಂತದಿದು? ಎಮ್ಮೆ ಮೀಸುಕೆ ಇಟ್ಟದ್ದಾ ಇದನ್ನ?" ಎಂದು ಕೂಗಿದೆ.

ಆತ ಪಕ್ಕದ ಚಹಾದಂಗಡಿಯ ಹುಸೇನಬಿಯ ಕಡೆ ತಿರುಗಿ, "ಏನಂತಾಳಬೇ ಈಕಿ?" ಎಂದು ಕೇಳಿದ. ಹುಸೇನಬಿ ನಗುತ್ತಾ ಅರ್ಥ ಹೇಳಿದಳು. ಆತ ನನ್ನನ್ನು ಕರುಣೆಯಿಂದ ನೋಡಿ, "ಯಾಕವಾ, ಟ್ರ್ಯಾಕ್ಟರಿಗಷ್ಟ ಮೈ ಐತೇನು? ಎಮ್ಮಿಗಿಲ್ಲೇನು?" ಎಂದ.

ಕನ್ನಡ ನಾಡಿನಲ್ಲೇ ಇದ್ದರೂ ಕನ್ನಡ ಬಾರದವಳಾಗಿ ನಿಲ್ಲುವುದು ಎಂಥ ಅವಸ್ಥೆ ಎಂದು ಕುಂದಾಪುರದ ಕಡೆ ಕೂತು ಇದನ್ನು ಓದುವ ನಿಮಗೆ ಹೇಗೆ ತಿಳಿಸಲಿ? ನಾವು 'ಹೋಪ' ಎನ್ನುವುದಕ್ಕೆ ಇವರು 'ಹೋಗೂಣು' ಎನ್ನುತ್ತಾರೆ. ಪಕ್ಕ ಎನ್ನಲು 'ಬಾಜು', ಬಹಳ ಎನ್ನಲು 'ಅಗದಿ'. ಮಾತಿನಲ್ಲಿ ನಯ ಹುಡುಕಬಾರದು. ಜಗಳವಾಡುತ್ತಿದ್ದಾರೆಂದು ನಾನು ಹೆದರಿ ಓಡಿ ಬಂದರೆ ಅವರು ಊಟಕ್ಕೆ ಕರೆಯುತ್ತಿರುತ್ತಾರೆ.

ನಮ್ಮವರು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಈ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅಣ್ಣಿಗೇರಿ, ನವಲಗುಂದದ ಕಡೆ ಹತ್ತಿ ಬೆಳೆಗಾರರ ಮನೆಗೆ ಒಂದೊಂದೇ ಟ್ರ್ಯಾಕ್ಟರು ಬರುತ್ತಿತ್ತು. ಅಲ್ಲಿನ ಎರೆಮಣ್ಣು ಗೊತ್ತಲ್ಲ? ನಮ್ಮ ಗದ್ದೆಯ ಕೆಸರು ಕಾಲು ಅಲ್ಲಾಡಿಸಿದರೆ ಬಿಡುತ್ತದೆ. ಈ ಕರಿ ಮಣ್ಣು ಮಳೆ ಬಿದ್ದರೆ ಅರಗಿನಂತೆ ಹಿಡಿಯುತ್ತದೆ. ಚಪ್ಪಲಿಗೆ ಹಿಡಿದರೆ ಚಪ್ಪಲಿಯೇ ಹೋಗುತ್ತದೆ. ಗಾಲಿಗೆ ಹಿಡಿದರೆ ಗಾಲಿ ತಿರುಗುವುದಿಲ್ಲ. ಅದನ್ನು ತೊಳೆಯಲು ಬಿರುಸಾದ ನೀರು ಬೇಕು. ಹುಸೇನಬಿಗೆ ಗದಗ ರಸ್ತೆಯ ಬದಿಯಲ್ಲಿ ಒಂದು ತುಂಡು ಜಾಗವೂ ಸವುಳು ನೀರಿನ ಬಾವಿಯೂ ಇದ್ದವು. ಸವುಳು ಎಂದರೆ ಉಪ್ಪು. ಅದರಲ್ಲಿ ಬೇಳೆ ಬೇಯದು, ಸೋಪು ನೊರೆಯಾಗದು, ಯಾರೂ ಕುಡಿಯರು. ನಮ್ಮವರು ಅದನ್ನು ಬಾಡಿಗೆಗೆ ಹಿಡಿದು, ಗಾಡಿ ನಿಲ್ಲಿಸಲು ಕಲ್ಲು ಹಾಸಿದರು, ನೀರು ತುಂಬಿಡಲು ಟಾಕಿ ಕಟ್ಟಿದರು, ಪಂಪು ಕೂರಿಸಿದರು. ಆಳು ಇಟ್ಟುಕೊಳ್ಳುವ ಚೈತನ್ಯ ಇರಲಿಲ್ಲ. ಪೈಪು ನಮ್ಮದು, ತೊಳೆಯುವುದು ನಿಮ್ಮದು ಎಂಬುದೇ ಕರಾರು.

ಅದೇ ನಮಗೆ ಮುಳುವಾಯಿತು. ಕೈಗೆ ಪೈಪು ಬಂದೊಡನೆ ಮನುಷ್ಯ ಬೇರೆಯೇ ಆಗುತ್ತಾನೆ. ಪೈಪಿನ ಮೇಲೆ ಟ್ರ್ಯಾಕ್ಟರು ಹಾಯಿಸುವರು. ನೀರಿನ ಬಿರುಸು ಸಾಲದೆಂದು ಎಂಜಿನ್ನಿನ ವೇಗ ಏರಿಸಿ, ಪೈಪಿನ ತುದಿಯನ್ನು ಮಡಚಿ ಹಿಡಿದು, ಸಂದು ಸಿಡಿದಾಗ "ಏನ್ ಮಾಲ್ ತಂದೀರಿ, ಅಗದಿ ಹಗೂರದ್ದು" ಎಂದು ನಮ್ಮನ್ನೇ ಬೈಯುವರು. ಟಾಕಿ ಬರಿದಾದರೂ ಪಂಪು ನಿಲ್ಲಿಸದೆ ಹರಟುತ್ತಾ ನಿಲ್ಲುವರು; ಒಳಗಿನ ಚರ್ಮದ ವಾಶರು ಸುಟ್ಟ ವಾಸನೆ ಮನೆಯೊಳಗಿದ್ದ ನನಗೆ ಮೊದಲು ಬರುವುದು. ಪೈಪಿನ ಹಿತ್ತಾಳೆಯ ಮೂತಿಯನ್ನು ಯಾರೋ ಬಿಚ್ಚಿಕೊಂಡು ಹೋದರು. ಕಟ್ಟಿಗೆಯ ತುಂಡು ಕೊರೆದು ಸಿಕ್ಕಿಸಿದೆವು. ಅದನ್ನೂ ಒಯ್ದರು. ಕಟ್ಟಿಗೆಯ ತುಂಡು ಯಾರಿಗೆ ಏಕೆ ಬೇಕಿತ್ತೋ!

ರಾತ್ರಿ ನಮ್ಮವರು ಪಂಪು ಬಿಚ್ಚಿ ಕೂರುವರು. ನಾನು ರೊಟ್ಟಿ ಬಡಿಯಲು ಹೋಗಿ ಹರಿದು, ಹರಿದದ್ದನ್ನೇ ಬಡಿಸುವೆನು. ಅನ್ನವಿಲ್ಲ, ಮೀನಿಲ್ಲ. ಮೀನು ತಿನ್ನುವವರೆಂದು ಊರೊಳಗೆ ಯಾರೂ ಮನೆ ಕೊಟ್ಟಿರಲಿಲ್ಲ. ಹುಸೇನಬಿಯ ಅಂಗಡಿಯ ಹಿಂದಿನ ಖೋಲಿಯೇ ನಮ್ಮ ಮನೆ. ಮಾಳಿಗೆಯ ಮಣ್ಣಿನ ಚಾವಣಿಯಲ್ಲಿ ಒಂದು ಬೆಳಕಿಂಡಿ. ಅದರಲ್ಲಿ ಕಾಣುವ ಆಕಾಶ ನಮ್ಮ ಊರಿನ ಬಾವಿಯಲ್ಲಿ ಕಾಣುವಷ್ಟೇ ದೊಡ್ಡದು.

"ಸಾಕ್ ಮಾರಾಯ್ತಿ, ಊರಿಗ್ ಹೋಪ" ಎನ್ನುವರು ನಮ್ಮವರು.

"ಊರಂಗೆ ಎಂತ ಇತ್ತ್ ನಮ್ಗೆ?" ಎನ್ನುವೆನು. ಇದ್ದದ್ದು ನಮ್ಮವರ ಅಣ್ಣನ ಮನೆಯ ಜಗಲಿ. ನಮ್ಮವರು ಮತ್ತೆ ಪಂಪಿಗೆ ಕೈ ಹಾಕುವರು.

ಹತ್ತಿಗೆ ಹುಳ ಬೀಳುವ ಕಾಲ ಬಂತು. ಹುಳಕ್ಕೆ ಹೊಡೆಯುವ ವಿಷವನ್ನು ಇಲ್ಲಿ 'ಎಣ್ಣಿ' ಎನ್ನುತ್ತಾರೆ. "ಗೌಡ್ರು ಎಣ್ಣಿ ಹೊಡ್ಯಾಕ ಹೋಗ್ಯಾರ" ಎಂದು ಕೇಳಿದಾಗ ಗೌಡರು ಯಾರಿಗೋ ತಲೆಗೆ ಎಣ್ಣೆ ತಿಕ್ಕಲು ಹೋಗಿದ್ದಾರೆಂದು ತಿಳಿದವಳು ನಾನು. ಅದರ ವಾಸನೆ ಒಮ್ಮೆ ಮೂಗಿಗೆ ಬಡಿದ ಮೇಲೆ ಆ ತಪ್ಪು ಮತ್ತೆ ಆಗಲಿಲ್ಲ.

ಒಂದು ಮಧ್ಯಾಹ್ನ ನಮ್ಮವರು ವಾಶರು ತರಲು ಹುಬ್ಬಳ್ಳಿಗೆ ಹೋಗಿದ್ದರು. ಶಿವನಗೌಡ ಎಂಬ ತರುಣ ಟ್ರ್ಯಾಕ್ಟರು ತಂದು ನಿಲ್ಲಿಸಿದ. ನಮ್ಮ ಸುತ್ತಲಿನ ಹೊಲಗಳಲ್ಲಿ ಬಹುಪಾಲು ಅವನ ಮನೆಯವರದೇ. ಟ್ರಾಲಿಯಲ್ಲಿ ಎಣ್ಣೆ ಹೊಡೆಯುವ ಕೈಪಂಪಿನ ಡಬ್ಬಿಗಳು, ಒಂದು ಡ್ರಮ್ಮು. ಅವನು ಪೈಪಿಗೆ ಕೈ ಹಾಕಲಿಲ್ಲ. ನೇರವಾಗಿ ಡಬ್ಬಿಗಳನ್ನು ಎತ್ತಿ ಟಾಕಿಯಲ್ಲಿ ಮುಳುಗಿಸತೊಡಗಿದ.

ಅಷ್ಟರಲ್ಲಿ ನಾನು ಇಲ್ಲಿನ ಮಾತು ಒಂದಿಷ್ಟು ಕಲಿತಿದ್ದೆ. "ಯಣ್ಣಾ, ಟಾಕಿಯೊಳಗ ಅದ್ದಬ್ಯಾಡ್ರಿ. ಎಣ್ಣಿ ಡಬ್ಬಿ ಅದು" ಎಂದೆ.

"ಸವುಳ ನೀರು, ಯಾರ್ ಕುಡೀತಾರವಾ ಇದನ್ನ?" ಎಂದ, ತಿರುಗಿ ನೋಡದೆ.

"ಹಂಗಲ್ರಿ, ಬ್ಯಾಡ್ರಿ" ಎಂದು ನಾನು ಒಂದು ಡಬ್ಬಿಯ ಹಿಡಿಕೆ ಹಿಡಿದೆ. ಅವನು ಡಬ್ಬಿ ಬಿಟ್ಟು ನನ್ನ ಮುಖ ನೋಡಿದ. ಆ ನೋಟಕ್ಕೆ ನನ್ನ ಕೈ ತಾನೇ ಸಡಿಲಾಯಿತು. ಹುಸೇನಬಿ ಅಂಗಡಿಯಿಂದ ಮೆಲ್ಲಗೆ ಕರೆದಳು. "ಸರೋಜವ್ವಾ, ಈ ಕಡೆ ಬಾ. ಅಂವ ದೊಡ್ಡವರ ಮನಿ ಮಗ."

ಅವನು ಡ್ರಮ್ಮನ್ನೂ ಟಾಕಿಯಲ್ಲೇ ಜಾಲಿಸಿದ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಆಮೇಲೆ ಎಂಜಿನ್ನು ಹೊಡೆದು, ಅದೇ ನೀರಿನಿಂದ ಟ್ರ್ಯಾಕ್ಟರು ತೊಳೆದು ಹೊರಟುಹೋದ. ಕಲ್ಲುಹಾಸಿನಿಂದ ಇಳಿದ ಬಿಳಿ ನೀರು ರಸ್ತೆ ಬದಿಯ ತಗ್ಗಿಗೆ ಹೋಗಿ ನಿಂತಿತು. ಅಲ್ಲಿ ಮೊದಲೇ ಮಳೆನೀರು ಇತ್ತು.

ನಾನು ಟಾಕಿಯ ಮುಂದೆ ನಿಂತು ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗಲೇ ಕುರಿಗಳ ಸದ್ದು ಕೇಳಿತು. ಕುರಿ ಕಾಯುವ ಯಲ್ಲಪ್ಪ ಕಾಕಾ ತನ್ನ ಹಿಂಡು ಹೊಡೆದುಕೊಂಡು ಹೊಲದಿಂದ ಬರುತ್ತಿದ್ದ. ದಿನವೂ ಆ ತಗ್ಗಿನ ನೀರು ಕುಡಿಸಿಕೊಂಡೇ ಅವನು ಹೋಗುವುದು. ಸೀರೆ ಎತ್ತಿಕೊಂಡು ಓಡಿದೆ. "ಕಾಕಾ, ನಿಲ್ಲಿಸ್ರಿ! ನೀರಾಗ ಎಣ್ಣಿ ಐತಿ!" ಎಂದು ಕೂಗಿದೆನೋ, ಗಾಬರಿಯಲ್ಲಿ ನಮ್ಮ ಕುಂದಾಪುರದ ಮಾತಿನಲ್ಲೇ ಕೂಗಿದೆನೋ, ಈಗಲೂ ನೆನಪಿಲ್ಲ. ಅವನಿಗೆ ಅರ್ಥವಾಗಲಿಲ್ಲ. ಬಿಸಿಲಲ್ಲಿ ಬಾಯಾರಿದ ಕುರಿಗಳು ಅರ್ಥಕ್ಕೆ ಕಾಯುವುದಿಲ್ಲ. ನಾನು ತಗ್ಗಿಗೆ ಇಳಿದು ಕೈ ಅಗಲಿಸಿ ನಿಂತೆ. ಮೊಣಕಾಲಿನವರೆಗೆ ಕೆಸರು. ಕುರಿಗಳು ನನ್ನ ಎಡಕ್ಕೂ ಬಲಕ್ಕೂ ನುಗ್ಗಿದವು. ಒಂದನ್ನು ದೂಡಿದರೆ ಎರಡು ಬಾಯಿ ಹಾಕುತ್ತಿದ್ದವು. ಕೊನೆಗೆ ಹುಸೇನಬಿ ಬೀಸಣಿಗೆ ಹಿಡಿದೇ ಓಡಿ ಬಂದು ಯಲ್ಲಪ್ಪನಿಗೆ ತಿಳಿಸಿದಳು. ಅವನು ಉಳಿದ ಹಿಂಡನ್ನು ಕೋಲಿನಿಂದ ಹೊಡೆದು ತಿರುಗಿಸಿದ.

ಕುಡಿದ ಕುರಿಗಳು ಸಂಜೆಯೊಳಗೆ ನಡುಗತೊಡಗಿದವು. ಕಾಲು ಸೆಟೆದು ಒಂದರ ಹಿಂದೆ ಒಂದು ಬಿದ್ದವು. ಯಲ್ಲಪ್ಪ ಅಳಲಿಲ್ಲ. ಒಂದು ಮರಿಯ ಬಾಯಿಯ ನೊರೆಯನ್ನು ಕಂಬಳಿಯ ತುದಿಯಿಂದ ಒರೆಸುತ್ತಲೇ ಇದ್ದ. ಅದು ಸತ್ತ ಮೇಲೂ ಒರೆಸುತ್ತಿದ್ದ.

ಹುಬ್ಬಳ್ಳಿಯಿಂದ ಬಂದ ನಮ್ಮವರು ಬಸ್ಸಿನಿಂದ ಇಳಿಯುವಷ್ಟರಲ್ಲಿ ಊರೆಲ್ಲ ಒಂದೇ ಮಾತು ಹಬ್ಬಿತ್ತು. ಘಟ್ಟದ ಕೆಳಗಿನವರ ನೀರು ಕುಡಿದು ಕುರಿ ಸತ್ತವು. ನೆರೆದವರಲ್ಲಿ ಒಬ್ಬ ಪೈಪನ್ನು ಕುಡುಗೋಲಿನಿಂದ ಸೀಳಿದ. ಯಾರೂ ತಡೆಯಲಿಲ್ಲ.

ಮರುದಿನ ಒಬ್ಬ ಬಂದು, "ದೈವದವರು ಕರದಾರ, ಬರ್ರಿ" ಎಂದ. ನಾನು ಕೈಕಾಲು ತೊಳೆದುಕೊಂಡು ಹೊರಟೆ. ನಮ್ಮಲ್ಲಿ ದೈವವೆಂದರೆ ಯಾವುದು ಎಂದು ನಿಮಗೆ ಹೇಳಬೇಕಾಗಿಲ್ಲ. ತಪ್ಪು ಮಾಡಿದವನು ಅದರ ಎದುರು ನಿಂತರೆ ಸತ್ಯ ತಾನಾಗಿ ಹೊರಬೀಳುತ್ತದೆ. ಇಲ್ಲಿ ದೈವವೆಂದರೆ ಊರಿನ ಹಿರಿಯರ ಕೂಟ. ಕಟ್ಟೆಯ ಮೇಲೆ ಕೂತಿದ್ದ ಆ ದೈವದಲ್ಲಿ ಶಿವನಗೌಡನ ಚಿಕ್ಕಪ್ಪನೂ ಒಬ್ಬ.

"ನಾ ಬರೇ ಟ್ರ್ಯಾಕ್ಟರ್ ತೊಳದೇನ್ರಿ" ಎಂದ ಶಿವನಗೌಡ. "ಟಾಕಿಯಾಗ ಯಾರ್ ಏನ್ ಹಾಕ್ಯಾರೋ ನನಗೇನ್ ಗೊತ್ತು?"

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನನ್ನ ಮಾತಿಗೆ ಯಾರೋ ಹಿಂದಿನಿಂದ ನಕ್ಕರು. ಹುಸೇನಬಿಯನ್ನು ಕೇಳಿದರು. ಅವಳು ನೆಲ ನೋಡುತ್ತಾ, "ನಾ ಒಲಿ ಮುಂದಿದ್ದೇರಿ, ನೋಡಿಲ್ಲ" ಎಂದಳು. ಅವಳನ್ನು ನಾನು ಅಂದೂ ದೂರಲಿಲ್ಲ, ಇಂದೂ ದೂರುವುದಿಲ್ಲ. ಅವಳು ಅಲ್ಲೇ ಬದುಕಬೇಕಾದವಳು. ನಾವೂ ಅಲ್ಲೇ ಬದುಕಬೇಕಾದವರು ಎಂದು ಮಾತ್ರ ಆಗ ಯಾರಿಗೂ ಅನ್ನಿಸಲಿಲ್ಲ.

ಕೊನೆಗೆ ಯಲ್ಲಪ್ಪನನ್ನು ಕೇಳಿದರು. "ನಿನ್ನ ಕುರಿ ಸತ್ತಾವು. ನಿನಗ ಯಾರ ಮ್ಯಾಲ ಸಂಶೆ ಐತಿ, ಹೇಳು."

ಯಲ್ಲಪ್ಪನ ಹಿಂಡು ತಂಗುತ್ತಿದ್ದುದು ಗೌಡರ ಹೊಲದಲ್ಲೇ. ಇಲ್ಲಿ ಕುರಿಗಳನ್ನು ಹೊಲದಲ್ಲಿ ತರುಬಿಸುತ್ತಾರೆ, ಎಂದರೆ ರಾತ್ರಿ ಅಲ್ಲೇ ನಿಲ್ಲಿಸುತ್ತಾರೆ. ಹಿಕ್ಕೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳ. ಅವನು ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ. ಆಮೇಲೆ ಎದ್ದು ನಿಂತು ಹೇಳಿದ:

"ಯಾರ್ ಹಾಕಿದ್ರು ನಾ ಕಂಡಿಲ್ರಿ. ಈ ತಂಗಿ ನನ್ನ ಕುರಿ ಮುಂದ ಕೆಸರಾಗ ಕೈ ಅಗಲ ಮಾಡಿ ನಿಂತದ್ದು ಕಂಡೇನಿ. ಹೊಡದು ಅಟ್ಟಿದ್ಲು, ಅತ್ಲು. ಇಷ ಹಾಕಿದಾಕಿ ಅಡ್ಡ ನಿಲ್ಲತಿದ್ಲೇನ್ರಿ? ಈಕಿ ಹಾಕಿಲ್ಲ. ಇಷ್ಟ ನನ್ನ ಮಾತು."

ಯಾರೂ ಶಿವನಗೌಡನ ಹೆಸರು ಎತ್ತಲಿಲ್ಲ. ಟಾಕಿ ಚೊಕ್ಕ ಮಾಡುವ ತನಕ ಪಂಪು ಹಚ್ಚಬಾರದು ಎಂದು ಹೇಳಿ ದೈವ ಎದ್ದಿತು. ಸತ್ತ ಕುರಿಗಳಿಗೆ ಯಾರೂ ಹೊಣೆಯಾಗಲಿಲ್ಲ. ಮುಂದಿನ ವಾರದೊಳಗೆ ಯಲ್ಲಪ್ಪನಿಗೆ ಗೌಡರ ಹೊಲ ತಪ್ಪಿತು. ಅವನು ಹಿಂಡು ಹೊಡೆದುಕೊಂಡು ನವಲಗುಂದದ ಕಡೆ ಹೋದ. ನನ್ನ ಪರವಾಗಿ ಆಡಿದ ಆ ನಾಲ್ಕು ಮಾತಿನ ಬೆಲೆಯನ್ನು ಅವನೇ ತೆತ್ತ.

ಟಾಕಿ ಚೊಕ್ಕ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ವಿಷದ ನೀರನ್ನು ಎಲ್ಲಿ ಚೆಲ್ಲುವುದು? ಊರಿನಲ್ಲಾದರೆ ಮಳೆ ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಒಯ್ಯುತ್ತದೆ ಎಂದು ನಂಬಿ ಬೆಳೆದವಳು ನಾನು. ಇಲ್ಲಿ ಚೆಲ್ಲಿದ್ದು ಚೆಲ್ಲಿದಲ್ಲೇ ಇರುತ್ತದೆ. ನಮ್ಮವರು ಬಾವಿಯಿಂದ ದೂರದಲ್ಲಿ, ಜಾಗದ ಆ ತುದಿಗೆ ಆಳವಾದ ಗುಂಡಿ ತೋಡಿದರು. ಟಾಕಿಯ ನೀರನ್ನೂ ತಗ್ಗಿನ ನೀರನ್ನೂ ಇಬ್ಬರೂ ಬಕೆಟ್ಟಿನಲ್ಲಿ ಹೊತ್ತು ಸುರಿದೆವು. ಸುಣ್ಣ ಹಾಕಿ, ಮಣ್ಣು ಮುಚ್ಚಿ, ಸುತ್ತ ಜಾಲಿ ಮುಳ್ಳು ಒಟ್ಟಿದೆವು. ಕೈಯ ಚರ್ಮ ಸುಲಿಯಿತು. ತಲೆಸುತ್ತು ಬಂದು ನಾನು ಟಾಕಿಯ ಪಕ್ಕದಲ್ಲೇ ಮಲಗಿದ್ದೆ. ಹುಸೇನಬಿ ಬಂದು ತಲೆಗೆ ನೀರು ತಟ್ಟಿದಳು. ಏನೋ ಹೇಳಹೊರಟವಳು ಹೇಳಲಾರದೆ ಅತ್ತಳು. ನಾನೂ ಅತ್ತೆ. ಅಳುವುದಕ್ಕೆ ಎರಡು ಊರಿನಲ್ಲೂ ಒಂದೇ ಭಾಷೆ.

ಸೀಳಿದ ಪೈಪಿಗೆ ತೇಪೆ ಹಾಕಿ ಮತ್ತೆ ಶುರುಮಾಡಿದಾಗ ಕರಾರು ಬದಲಾಯಿತು. ಪೈಪನ್ನು ಗಿರಾಕಿಯ ಕೈಗೆ ಕೊಡುವುದಿಲ್ಲ. ನಾನೇ ಹಿಡಿಯುತ್ತೇನೆ. ಹೆಂಗಸು ಪೈಪು ಹಿಡಿದು ಲಾರಿ ತೊಳೆಯುವುದನ್ನು ನೋಡಲೆಂದೇ ಜನ ನಿಂತರು. ಒಂದು ದಿನ ಶಿವನಗೌಡನೂ ಟ್ರ್ಯಾಕ್ಟರು ತಂದ. ಟ್ರಾಲಿಯಲ್ಲಿ ಅದೇ ಡಬ್ಬಿಗಳು.

"ತೊಳಿಯೂದಿಲ್ರಿ" ಎಂದೆ.

"ನಮ್ಮೂರಾಗ ನಿಂತು ನನಗ ಇಲ್ಲ ಅಂತೀಯೇನು?"

"ಊರು ನಿಮ್ಮದ ಐತ್ರಿ. ಪೈಪ್ ಮಾತ್ರ ನಮ್ಮದು."

ಪೈಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಅವನು ಗಾಡಿ ತಿರುಗಿಸಿ ಹೋದ. ಇದನ್ನು ಗೆಲುವೆಂದು ಬರೆಯಲು ಆಸೆ. ಆದರೆ ಅಂದಿನಿಂದ ಊರಿನ ಟ್ರ್ಯಾಕ್ಟರುಗಳು ನಮ್ಮ ಕಡೆ ಬರುವುದು ನಿಂತಿತು. ಗದಗಿನಿಂದ, ಹುಬ್ಬಳ್ಳಿಯಿಂದ ಹತ್ತಿ ಹೇರಿಕೊಂಡು ಹಾಯುವ ಪರ ಊರಿನ ಲಾರಿಗಳೇ ನಮ್ಮ ಒಲೆ ಉರಿಸುತ್ತಿವೆ. ಅವೂ ಬಾರದ ದಿನ ನಾವು ಮುಖ ಮುಖ ನೋಡಿಕೊಂಡು ಕೂರುತ್ತೇವೆ.

ಮೊನ್ನೆ ತಂಗಿಯ ಮದುವೆಗೆಂದು ಕುಂದಾಪುರಕ್ಕೆ ಹೋಗಿದ್ದೆ. ಮದುವೆಯ ಗದ್ದಲ ಮುಗಿದು ನಾನು ಗಂಟು ಕಟ್ಟುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು. "ಇವತ್ತೇ ಊರಿಗ್ ಹೋಪ್ದಾ?" ಅಮ್ಮ ಊರೆಂದದ್ದು ಅಣ್ಣಿಗೇರಿಗೆ. ಹೌದೆಂದು ಹೇಳಿ ಬಸ್ಸು ಹತ್ತಿದೆ. ಅಣ್ಣಿಗೇರಿಯಲ್ಲಿ ಇಳಿದರೆ ಯಲ್ಲಪ್ಪ ಕಾಕಾ. ನವಲಗುಂದದಿಂದ ಹಿಂಡು ಹೊಡೆದುಕೊಂಡು ಆ ರಸ್ತೆಯಲ್ಲಿ ಹಾದು ಹೋಗುತ್ತಿದ್ದ. ಹಿಂಡು ಸಣ್ಣದಾಗಿತ್ತು. ನನ್ನ ಕೈಯ ಗಂಟು ನೋಡಿ ನಕ್ಕ.

"ಊರಿಂದ ಬಂದ್ಯೇನು ತಂಗಿ?" ಎಂದ.

"ಹೌದ್ರಿ ಕಾಕಾ" ಎಂದೆ. ಕುರಿಗಳೆಲ್ಲ ದಾಟುವ ತನಕ ರಸ್ತೆಯ ಬದಿಯಲ್ಲಿ ನಿಂತಿದ್ದೆ.