ನಾಕಕ್ಕ ನೀರ ಕೇಳಿದಾಂವ

ಇದನ್ನ ಕಥಿ ಅಂತ ಓದೋರು ಇಲ್ಲಿಗೇ ಬಿಟ್ಟುಬಿಡ್ರಿ. ಇದಕ್ಕ ನಾ ವಿಚಾರಣೆ ಒಳಗ ಸಹಿ ಮಾಡೇನಿ, ಕೈಯಾರೆ ನೌಕರಿ ಮ್ಯಾಲ ಕಲ್ಲ ಹಾಕ್ಕೊಂಡೇನಿ. ಸುಳ್ಳ ಹೇಳಿ ನನಗೇನೂ ಸಿಗೂದಿಲ್ಲ.

ನಾನು ಪೊಲೀಸ್ ಕಾನ್‌ಸ್ಟೇಬಲ್. ಸಿಂದಗಿ ಕಡೆ ಒಂದು ಠಾಣೆ... ಹೆಸರು ಬ್ಯಾಡ. ಅವತ್ತ ರಾತ್ರಿ ಲಾಕಪ್ಪಿನ ಪಹರೆ ನಂದು. ಒಳಗಿದ್ದಾಂವ ಒಬ್ಬನ, ತಾಂಬಾ ಊರಿನ ಸಿದ್ರಾಮ. ತಲಿ ಸರಿ ಇರಲಿಲ್ಲ. ಆಲಮೇಲ ಬಸ್ಸಿಗೆ ಕಲ್ಲ ಒಗದಿದ್ದ. ದವಾಖಾನಿಗೆ ಒಯ್ಯೂದು ಬಿಟ್ಟು ಒಳಗ ಹಾಕಿದ್ವಿ.

ಸಂಜಿಕ ಅವರಕ್ಕ ಮಹಾದೇವಿ ಬಂದ್ಳು. ಕಂಬಿ ಸಂದ್ಯಾಗ ಕೈ ಹಾಕಿ ತಮ್ಮನ ತಲಿಗೆ ಕೊಬ್ರಿ ಎಣ್ಣಿ ತಿಕ್ಕಿದ್ಳು. ಹೋಗೂಮುಂದ ನನ್ನ ಕೈಯಾಗ ಗುಳಿಗಿ ಪೊಟ್ಟಣ ಇಟ್ಟಳು.

"ಸಾಹೇಬ್ರ, ಉಂಡ ಮ್ಯಾಲ ಇದೊಂದು ಕೊಡ್ರಿ. ಇಲ್ಲಂದ್ರ ನಿದ್ದಿ ಹತ್ತಂಗಿಲ್ಲ ಅವಂಗ. ಗ್ವಾಡಿಗೆ ತಲಿ ಬಡ್ಕೋತಾನ."

"ಕೊಡ್ತೇನಿ ಬಿಡವಾ, ನೀ ನಡಿ" ಅಂದ್ನಿ.

ಆಕಿ ಹೋದ ಮ್ಯಾಲ ಹೆಡ್ ಕಾನ್‌ಸ್ಟೇಬಲ್ರು ಗದರಿಸಿದ್ರು. "ಡಾಕ್ಟರ್ ಬರದು ಕೊಡದ ಹೊರಗಿನ ಗುಳಿಗಿ ಕೊಟ್ಟು ಏನರ ಆದ್ರ ನಿನ್ನ ಕುತ್ತಿಗಿಗೆ ಬರತೈತಿ ನೋಡು." ಪೊಟ್ಟಣ ಟೇಬಲ್ ಖಾನಿಯೊಳಗ ಒಗದ್ನಿ.

ಇನ್ನೊಂದು ಮಾತು ಹೇಳಬೇಕು, ನಾಚಿಕಿ ಆದ್ರೂ. ಪಹರೆಯಾಂವ ತಾಸಿಗೊಮ್ಮೆ ಲಾಕಪ್ಪ ನೋಡಿ "ಆಸಾಮಿ ಸುರಕ್ಷಿತ" ಅಂತ ಪುಸ್ತಕದಾಗ ಬರೀಬೇಕು. ನಾವು ಹತ್ತಕ್ಕ ಕುಂತು ಮೂರರ ತನಕದ್ದು ಒಮ್ಮೆಲೆ ಬರದುಬಿಡತೇವಿ. ಅವತ್ತೂ ಹಂಗ ಬರದ್ನಿ.

ಹತ್ತೂವರಿಗೆ ಶುರುವಾತು.

"ಅಣ್ಣಾ... ಗುಳಿಗಿ... ಅಣ್ಣಾ..."

ಆಮ್ಯಾಲ ಧಪ್... ಧಪ್... ಗ್ವಾಡಿ.

"ಸುಮ್ನ ಬೀಳಲೇ!" ಅಂತ ಒದರಿದ್ನಿ. ಕುರ್ಚಿ ಬಿಟ್ಟು ಏಳಲಿಲ್ಲ. ಹನ್ನೆರಡರ ಸುಮಾರಿಗೆ ಸಪ್ಪಳ ಗಪ್ಪಂತ ನಿಂತಿತು. ಸದ್ಯ, ಮಲಗಿದ ಅಂತ ನನಗ ಖುಷಿ ಆತು. ಖರೇ ಹೇಳ್ತೇನಿ, ಖುಷೀನ ಆತು. ಕುಂತಲ್ಲೇ ಕಣ್ಣ ಹತ್ತಿತು.

"ಅಣ್ಣಾ, ನೀರ ಕೊಡ್ರಿ..."

ಎಚ್ಚರಾತು. ಗಡಿಯಾರದಾಗ ನಾಕು. ಲೈಟ್ ಇತ್ತು, ಫ್ಯಾನ್ ತಿರಗಾಕತ್ತಿತ್ತು, ಆದ್ರ ಅದರ ಸಪ್ಪಳ ಇಲ್ಲ... ಹೊರಗ ನಾಯಿ ಸಪ್ಪಳೂ ಇಲ್ಲ. ದಿನಾ ಬರೂ ಫಿನೈಲ್ ವಾಸನಿ ಹೋಗಿ ಬರೇ ಕೊಬ್ರಿ ಎಣ್ಣಿ ವಾಸನಿ, ಮೂಗು ಕಟ್ಟೂವಷ್ಟು.

ಸಿದ್ರಾಮ ಕಂಬಿ ಹಿಡಕೊಂಡು ನಿಂತಿದ್ದ. ಹಣಿ ಮ್ಯಾಲ ಗಾಯ ಇಲ್ಲ ಏನಿಲ್ಲ. ಮಗ್ಗಿನ್ಯಾಗ ನೀರ ತುಂಬಿ ಕೊಟ್ನಿ. ಬೆರಳು ತಾಗಿತು... ಯಪ್ಪಾ, ಎಂಥಾ ತಂಪು! ಗಟಗಟ ಕುಡದು ಮಗ್ಗು ತಿರುಗಿ ಕೊಟ್ಟ.

"ಇನ್ನ ಗುಳಿಗಿ ಬ್ಯಾಡ್ರಿ ಅಣ್ಣಾ. ನಿದ್ದಿ ಬಂತು" ಅಂದ, ಭಾಳ ಮೆತ್ತಗ.

ಆ ರಾತ್ರಿ ಮೊದಲನೇ ಸಲ ಕಣ್ಣಿಲೆ ನೋಡಿ ಬರದ್ನಿ: ನಾಲ್ಕು ಗಂಟೆ, ಆಸಾಮಿ ನೀರು ಕೇಳಿ ಕುಡಿದ, ಸುರಕ್ಷಿತ.

ಆರಕ್ಕ ಬಾಗಲಾ ತಗದ್ರ, ಹಿಂದಿನ ಗ್ವಾಡಿ ಬುಡಕ ಬಿದ್ದಿದ್ದ. ಹಣಿ ಒಡದಿತ್ತು. ರಕ್ತ ಕರ್ರಗ ಒಣಗಿತ್ತು, ಮೈ ಸೆಟದಿತ್ತು. ಹನ್ನೆರಡರ ಆಸುಪಾಸು ಜೀವ ಹೋಗೈತಿ ಅಂದ್ರು ಡಾಕ್ಟರು.

ವಿಚಾರಣೆ ಒಳಗ ಲಾಕಪ್ಪಿನ ಕ್ಯಾಮೆರಾ ಹಾಕಿ ತೋರಿಸಿದ್ರು. ನಾಕು ಗಂಟೆ. ನಾ ಕಂಬಿ ಮುಂದ ನಿಂತೇನಿ, ಬಾಯಿ ಮಾತಾಡಾಕತ್ತೈತಿ, ಮಗ್ಗು ಒಳಗ ಚಾಚೇನಿ. ಎದುರಿಗೆ ಯಾರೂ ಇಲ್ಲ. ಸಿದ್ರಾಮ ಹಿಂದ ಬಿದ್ದಾನ, ಹನ್ನೆರಡರಾಗ ಹೆಂಗ ಬಿದ್ದಿದ್ನೋ ಹಂಗ. ನಾ ಮಗ್ಗು ತಿರುಗಿ ತಗೊಂಡು ಬೋರಲ ಹಾಕಿದ್ರ ಒಂದ ಹನಿ ಬೀಳಲಿಲ್ಲ. ಒಳಗ ನೆಲ ಒಣಾ ಒಣ...

ವಿಚಾರಣೆ ಮಾಡಾಕ ಬಂದಿದ್ದ ಸಾಹೇಬ್ರು ಮೂರ ಸಲ ತಿರುಗಿಸಿ ನೋಡಿದ್ರು. ಆಮ್ಯಾಲ ಸಣ್ಣ ದನಿಲೆ ಅಂದ್ರು, "ನಿದ್ದಿಗಣ್ಣಿನ್ಯಾಗ ಆಗೇತಿ ಅಂತ ಬರದು ಕೊಡು. ಇಲ್ಲಂದ್ರ ನಿನ್ನ ತಲೀನೂ ಸರಿ ಇಲ್ಲ ಅಂತಾರ."

ಬರದು ಕೊಡಲಿಲ್ಲ. ನೋಡದ ಬರದಿದ್ದ ಸಾಲೆಲ್ಲಾ ಸುಳ್ಳು, ನಾಕರದ್ದು ಅಷ್ಟ ಖರೇ ಅಂತ ಹೇಳಿ ಸಹಿ ಮಾಡಿದ್ನಿ. ಅವತ್ತ ಸಸ್ಪೆಂಡ್ ಆತು.

ಹೊರಗ ಬೇವಿನ ಗಿಡದ ಕೆಳಗ ಮಹಾದೇವಿ ಕುಂತಿದ್ಳು. ಹೋಗಿ ಎಲ್ಲಾ ಹೇಳಿದ್ನಿ. ಗುಳಿಗಿ ಕೊಡದ ಇದ್ದದ್ದು, ಒದರಿದ್ದು, ನೀರು ಕುಡಿಸಿದ್ದು, ನಿದ್ದಿ ಬಂತು ಅಂದದ್ದು. ಆಕಿ ಅಳಲಿಲ್ಲ, ಬೈಲಿಲ್ಲ.

"ನಾಕಕ್ಕ ನಿಮಗ ಕಂಡ, ಆತು, ನಂಬ್ತೇನ್ರಿ" ಅಂದ್ಳು. "ಹನ್ನೆರಡಕ್ಕ ಸುಮ್ಮಾದ್ನಲ್ರಿ ಸಾಹೇಬ್ರ... ಆವಾಗ ಒಮ್ಮೆ ಎದ್ದು ನೋಡಬೇಕಿಲ್ರಿ?"

ಈಗ ಮನ್ಯಾಗ ಎಲ್ಲಾರೂ ಮಲಗಿ ಗಪ್ಪಾದ್ರ ನನಗ ನಿದ್ದಿ ಹತ್ತಂಗಿಲ್ಲ. ಎದ್ದು ಹೋಗಿ ಹೆಂಡ್ತಿ, ಮಕ್ಕಳ ಮೂಗಿನ ಮುಂದ ಕೈ ಹಿಡೀತೇನಿ. ಬಿಸಿ ಉಸಿರು ಕೈಗೆ ತಾಗಿದ ಮ್ಯಾಲೂ ಹಂಗ ನಿಂತಿರ್ತೇನಿ.