ತೂತಿಲ್ಲದ ಬೆಸುಗೆ

ಆನವಟ್ಟಿಯಲ್ಲಿ ಬಸ್ಸು ಕಾಯುತ್ತ, ಬಿಸಿಲಿಗೆ ಸೋತು, ಎಷ್ಟೋ ವರ್ಷಗಳ ಮೇಲೆ ಒಂದು ಸೋಡಾ ಕುಡಿಯಲು ಹೋದೆ. ಮೊದಲ ಗುಟುಕಿಗೇ ಮೂಗಿನೊಳಗೆ ಚುರ್ರೆಂದಿತು. ಬಾಟಲಿಯನ್ನು ಹಾಗೇ ಅಂಗಡಿಯ ಹಲಗೆಯ ಮೇಲಿಟ್ಟೆ.

"ಯಾಕ್ರೀ, ಹುಳ ಬಿದ್ದೈತೇನು?" ಎಂದ ಅಂಗಡಿಯವ.

ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆ ಚುರುಕು ನನ್ನ ಪಾಲಿಗೆ ಸೋಡಾದ್ದಲ್ಲ, ಚಿಕ್ಕಪ್ಪನ ಕಾಳಿನ ಕೋಣೆಯದು.

ತೊಂಬತ್ತರ ದಶಕ. ತಾಳಗುಂದದ ಹತ್ತಿರದ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ನಾನು ಶಿಕಾರಿಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಚಿಕ್ಕಪ್ಪ ಬೆಳೆಯುತ್ತಿದ್ದುದು ಮೆಕ್ಕೆಜೋಳ, ಮನಸ್ಸೆಲ್ಲ ಕಬ್ಬಿಣದ ಮೇಲೆ. ಮುಚ್ಚಿಹೋದ ಯಾವುದೋ ವರ್ಕ್‌ಶಾಪಿನಿಂದ ಒಂದು ಮಿಗ್ ವೆಲ್ಡಿಂಗ್ ಯಂತ್ರ ತಂದಿದ್ದ. ಗುಂಡಿ ಒತ್ತಿದರೆ ತಂತಿ ತಾನಾಗಿ ಬರುತ್ತದೆ. ಸಿಲಿಂಡರಿನ ಗ್ಯಾಸು, ಸೋಡಾದಲ್ಲಿರುವ ಅದೇ ಕಾರ್ಬನ್ ಡೈಆಕ್ಸೈಡು, ಸುತ್ತ ಊದಿ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ನಮ್ಮ ಅಂಗಳದ ಬಯಲುಗಾಳಿ ಆ ಗ್ಯಾಸನ್ನೇ ಹೊತ್ತೊಯ್ದು ಬೆಸುಗೆಯ ತುಂಬ ತೂತು ಬಿಡುತ್ತಿತ್ತು.

"ವೆಲ್ಡಿಂಗ್ ಮಾಡಿದ್ರೋ, ದ್ವಾಸಿ ಹುಯ್ದ್ರೋ?" ಎಂದು ಚಿಕ್ಕಮ್ಮ ನಗುತ್ತಿದ್ದಳು. ಕೆಮಿಸ್ಟ್ರಿ ಓದುವ ನನ್ನ ಪಾಲಿಗೆ ಸಿಲಿಂಡರ್ ಉರುಳಿಸುವ ಕೆಲಸ.

ಚಿಕ್ಕಪ್ಪ ತಂತಿಯ ವೇಗ ಬದಲಿಸಿದ, ತುಕ್ಕು ಉಜ್ಜಿದ. ತೂತು ಹೋಗಲಿಲ್ಲ. ಕೊನೆಗೆ ಬೆಸೆಯುತ್ತಿದ್ದ ಹಿತ್ತಲ ಗೇಟನ್ನು ಎತ್ತಿಕೊಂಡು ಕಾಳಿನ ಕೋಣೆಗಿಳಿದ. ಅದು ಅಂಗಳಕ್ಕಿಂತ ತಗ್ಗು, ಕಿಟಕಿಯಿಲ್ಲ. ಬಾಗಿಲ ಸಂದಿಗೆ ಗೋಣಿ ತುರುಕಿ, ಗ್ಯಾಸನ್ನು ಪೂರ್ತಿ ಬಿಟ್ಟ.

"ಈಗ ನೋಡ್ರಿ, ಜಡೆ ಹೆಣೆದಂಗೆ ಬರ್ತೈತೆ" ಎಂದು ಒಳಗಿನಿಂದ ಕೂಗಿದ.

ಕಾಳು ಹೂಳಿಡುವ ನೆಲಗುಂಡಿಗೆ ನಮ್ಮಲ್ಲಿ ಹಗೇವು ಅನ್ನುತ್ತಾರೆ. ಅದರ ಬಾಯಿ ತೆರೆದಾಗ ಚಿಕ್ಕಪ್ಪ ಮೊದಲು ಕಂದೀಲು ಇಳಿಬಿಡುತ್ತಿದ್ದ. ದೀಪ ಆರಿದರೆ ಒಳಗೆ ಉಸಿರುಗಟ್ಟಿಸುವ ಗಾಳಿ ತುಂಬಿದೆಯೆಂದು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅಂಥ ಮನುಷ್ಯ ಅಂದು ಕೈಯಾರೆ ಒಂದು ಹಗೇವು ಮಾಡಿಕೊಂಡು ಅದರೊಳಗೆ ಕೂತಿದ್ದ.

ಹಪ್ಪಳ ಕರಿದಂಥ ಸದ್ದು ಹೊರಗೆ ಕೇಳುತ್ತಿತ್ತು. ಅದು ನಿಂತಿತು. ಗ್ಯಾಸಿನ ಬುಸುಬುಸು ಮಾತ್ರ ನಿಲ್ಲಲಿಲ್ಲ. ಮಜ್ಜಿಗೆ ತಂದ ಚಿಕ್ಕಮ್ಮ "ರೀ" ಎಂದಳು, ಮತ್ತೆ "ರೀ" ಎಂದಳು. ಬಾಗಿಲು ಒದ್ದು ನಾನು ಇಳಿದೆ. ಮೂಗಿಗೆ ಸೋಡಾ ಚುಚ್ಚಿದಂತಾಯಿತು. ಅವಳು ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು.

"ಇಳೀಬ್ಯಾಡ. ಹಗೇವಿನ ಗಾಳಿ ಅದು."

ಬಾವಿಯ ಹಗ್ಗ ತಂದು ನನ್ನ ಸೊಂಟಕ್ಕೆ ಬಿಗಿದಳು. ಉಸಿರು ಕಟ್ಟಿ ಇಳಿದು, ಬೋರಲು ಬಿದ್ದಿದ್ದವನ ಕಾಲು ಹಿಡಿದೆ. ಅವಳು ನನ್ನನ್ನು ಎಳೆದಳು, ನಾನು ಅವನನ್ನು. ನಿದ್ದೆಯಲ್ಲಿ ಆ ಕಾಲು ಈಗಲೂ ನನ್ನ ಕೈಯಿಂದ ಜಾರುತ್ತದೆ.

ಬಹಳ ಹೊತ್ತಿಗೆ ಕಣ್ಣು ಬಿಟ್ಟವನು ಕೇಳಿದ್ದು, "ಹೆಂಗೆ ಬಂದೈತೋ?" ಅಳುತ್ತಲೇ ನಕ್ಕೆವು. ಸಂಜೆ ಮತ್ತೆ ಅದನ್ನೇ ಕೇಳಿದ. ಮರುದಿನವೂ ಕೇಳಿದ. ಆಮೇಲೆ ನಮ್ಮಲ್ಲಿ ಯಾರೂ ನಗಲಿಲ್ಲ.

ಸೋಡಾ ಬಿಟ್ಟು ಬಸ್ಸು ಹತ್ತಿ ಊರು ಸೇರಿದಾಗ ಚಿಕ್ಕಪ್ಪ ನಡುಮನೆಯಲ್ಲಿ ಕೂತಿದ್ದ. "ಹೆಂಗೆ ಬಂದೈತೋ?" ಇಷ್ಟು ವರ್ಷ ಗೇಟಿನ ಕಡೆ ನೋಡದೆಯೇ "ಚೆನ್ನಾಗೈತೆ" ಅಂದುಬಿಡುತ್ತಿದ್ದೆ. ಇಂದು ಹಿತ್ತಲಿಗೆ ಹೋಗಿ ಬೆಸುಗೆಯ ಮೇಲೆ ಬೆರಳಾಡಿಸಿದೆ. ಒಂದು ತೂತಿಲ್ಲ. ಜಡೆಯಂತೆ ಸಾಗಿ, ನಡುವೆ ಇದ್ದಕ್ಕಿದ್ದಂತೆ ಮುಗಿದಿದೆ.

ಒಳಗೆ ಬಂದು ಹೇಳಿದೆ: "ಚೆಂದ ಬಂದೈತೆ ಚಿಕ್ಕಪ್ಪ. ಅರ್ಧಕ್ಕೆ ನಿಂತೈತೆ."

ಅವನು ಬಾಗಿಲ ಕಡೆ ಕೈ ತೋರಿಸಿದ. "ಹಂಗಾರೆ ಬಾಗ್ಲು ಹಾಕು. ಗಾಳಿ ಬರ್ತೈತೆ."

ನಾನು ಬಾಗಿಲು ಹಾಕದೆ, ಮುಚ್ಚಿದ್ದ ಒಂದು ಕಿಟಕಿಯನ್ನೂ ತೆರೆದು, ಬಂದು ಅವನ ಪಕ್ಕ ಕೂತೆ.