ಒಳ್ಳೆಯ ಕಲ್ಲಿದ್ದಲು ಬೇಡವೆನ್ನುವ ಗಂಗಾಲಕ್ಷ್ಮಿ

ನರಸಾಪುರಕ್ಕೆ ಕಂಪನಿ ಬಸ್ಸುಗಳು ಇನ್ನೂ ಬಂದಿಲ್ಲ. ನಾನು ಕಾರ್ಖಾನೆಯೊಂದರ ಸ್ವಂತ ವಿದ್ಯುತ್ ಘಟಕ ತಲುಪುವಷ್ಟರಲ್ಲಿ ಗಂಗಾಲಕ್ಷ್ಮಿ ಆಗಲೇ ಬೈಯಲು ಶುರು ಮಾಡಿದ್ದಾರೆ.

"ಅಯ್ಯೋ ದೇವುಡಾ! ತೆಗಿಯಣ್ಣ ಆ ದಪ್ಪ ತುಂಡುಗಳನ್ನ. ಎಷ್ಟು ಸಲ ಹೇಳ್ಬೇಕು ನಿಂಗೆ?"

ಬೈಸಿಕೊಳ್ಳುತ್ತಿರುವವರು ಲೋಡರ್ ಕೋದಂಡರಾಮಪ್ಪ. ಕೋಲಾರದ ಟೊಮೆಟೊ ಮಂಡಿಯಲ್ಲಿ ಅರ್ಧ ಆಯುಸ್ಸು ಕಳೆದವರು. ಬಾಕ್ಸಿನ ಮೇಲುಗಡೆ ಕೆಂಪಗೆ ಹೊಳೆಯುವ ಹಣ್ಣಿಡುವುದು ಅವರಿಗೆ ರಕ್ತಗತ. ಇಲ್ಲೂ ಅಷ್ಟೇ, ಗಂಗಾಲಕ್ಷ್ಮಿ ಅತ್ತ ತಿರುಗಿದರೆ ಸಾಕು, ಸ್ಯಾಂಪಲ್ ಬಕೆಟ್ಟಿನ ಪುಡಿ, ಕಲ್ಲು ಎಸೆದು ಹೊಳೆಯುವ ತುಂಡುಗಳನ್ನೇ ತುಂಬುತ್ತಾರೆ.

"ಲ್ಯಾಬಿಗೆ ಹೋಗೋದಲ್ವೇನಮ್ಮ, ಚೆನ್ನಾಗಿರೋದೇ ಹೋಗ್ಲಿ" ಎನ್ನುವುದು ಅವರ ನ್ಯಾಯ.

ಹೋಳೂರಿನ ರೈತರ ಮನೆಯ ಗಂಗಾಲಕ್ಷ್ಮಿ ಪಿಯುಸಿ ಮುಗಿಸಿ ಗುತ್ತಿಗೆ ಕೆಲಸಕ್ಕೆ ಸೇರಿದವರು. ಬೆಲ್ಟಿನಲ್ಲಿ ಸಾಗುವ ಕಲ್ಲಿದ್ದಲನ್ನು ಅರ್ಧ ಗಂಟೆಗೊಮ್ಮೆ ಮೊಗೆದು, ಕುಟ್ಟಿ, ಕಲಸಿ ಲ್ಯಾಬಿಗೆ ಕಳಿಸಬೇಕು. ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಎಷ್ಟು ಪಾಲು ಕರೆಂಟಾಯಿತು ಎಂಬ ದಕ್ಷತೆಯ ಲೆಕ್ಕ ನಿಂತಿರುವುದು ಈ ಬಕೆಟ್ಟಿನ ಮೇಲೆ. ಮೈಯೆಲ್ಲ ಮಸಿ, ಬಿಡದ ಕೆಮ್ಮು. ಅವರ ಹೆಸರು ಮಾತ್ರ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಕಳೆದ ಸಲದ ದಕ್ಷತೆ ಪರೀಕ್ಷೆಯಲ್ಲಿ ಕೋದಂಡರಾಮಪ್ಪನವರ ಕೈಚಳಕ ಯಾರ ಕಣ್ಣಿಗೂ ಬೀಳಲಿಲ್ಲ. ಬಾಯ್ಲರಿಗೆ ಹೋದದ್ದೆಲ್ಲ ಅಂಥದ್ದೇ ಎಂದು ಲ್ಯಾಬಿನವರು ನಂಬಿದರು. ಇಷ್ಟು ಒಳ್ಳೆಯ ಕಲ್ಲಿದ್ದಲು ಉರಿಸಿ ಕರೆಂಟು ಇಷ್ಟೇ ಏಕೆ? ತಪ್ಪು ಬಾಯ್ಲರ್ ನೋಡಿಕೊಳ್ಳುವ ಮುನಿಕೃಷ್ಣರ ತಲೆಗೆ ಬಂತು. ಇವತ್ತಿನ ಪರೀಕ್ಷೆಯಲ್ಲೂ ದಕ್ಷತೆ ಕಡಿಮೆ ಬಂದರೆ ಅವರ ಕೆಲಸ ಹೋಗುತ್ತದೆ. ಮುನಿಕೃಷ್ಣರ ಜೀವದ ಗೆಳೆಯ ಕೋದಂಡರಾಮಪ್ಪ. ಗೆಳೆಯನನ್ನು ಉಳಿಸಲೆಂದೇ ಒಳ್ಳೆಯದನ್ನು ಆರಿಸುತ್ತಾರಂತೆ! ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

"ಅವನ ಅನ್ನ ನೀನೇ ಕಿತ್ಕೊಂತಿದ್ದೀಯ ಕಣಣ್ಣ" ಎನ್ನುತ್ತಾರೆ ಗಂಗಾಲಕ್ಷ್ಮಿ. "ಪುಡಿ ಬಂದ್ರೆ ಪುಡಿ, ಕಲ್ಲು ಬಂದ್ರೆ ಕಲ್ಲು. ಬೆಲ್ಟಲ್ಲಿ ಏನು ಬರುತ್ತೋ ಅದೇ ಬಕೆಟ್ಟಿಗೆ."

ಹೇಳಿ ಪ್ರಯೋಜನವಿಲ್ಲವೆಂದು ಗೊತ್ತು. ಮೊಗೆಯುವ ಹೊತ್ತು ಬಿಟ್ಟರೆ ಸಂಜೆಯವರೆಗೂ ಬಕೆಟ್ಟಿನ ಮುಚ್ಚಳದ ಮೇಲೇ ಕೂರುತ್ತಾರೆ. ಮುದ್ದೆಯ ಡಬ್ಬಿಯನ್ನೂ ಅಲ್ಲೇ ಬಿಚ್ಚುತ್ತಾರೆ.

ಫಲಿತಾಂಶದ ದಿನ ಮತ್ತೆ ಹೋಗುತ್ತೇನೆ. ದಕ್ಷತೆ ಸರಿಯಾಗಿಯೇ ಇದೆ, ಮುನಿಕೃಷ್ಣ ಉಳಿದಿದ್ದಾರೆ. ಸ್ವೀಟ್ ಬಾಕ್ಸ್ ಹಿಡಿದು ನೆಟ್ಟಗೆ ಕೋದಂಡರಾಮಪ್ಪನವರ ಹತ್ತಿರ ಹೋಗಿ, "ನೀನು ಒಳ್ಳೇದು ಆರಿಸಿ ಹಾಕಿದ್ದಕ್ಕೆ ಉಳ್ಕೊಂಡೆ ಕಣೋ" ಎಂದು ತಬ್ಬಿಕೊಳ್ಳುತ್ತಾರೆ. ಆ ಪುಣ್ಯಾತ್ಮ ಇಲ್ಲವೆನ್ನುವುದಿಲ್ಲ!

ನನಗೇ ಸಿಟ್ಟು ನೆತ್ತಿಗೇರುತ್ತದೆ. ಗಂಗಾಲಕ್ಷ್ಮಿ ಬಕೆಟ್ ಹಿಡಿದು ಬೆಲ್ಟಿನತ್ತ ಹೊರಟಿದ್ದಾರೆ.

"ಇರ್ಲಿ ಬಿಡಿ ಸಾರ್. ಮನೆಗೆ ಹೋಗ್ಬೇಕಾದೋರು ಡ್ಯೂಟಿಗೆ ಬಂದ್ರಲ್ಲ, ಸಾಕು. ನಂದು ಒಂದೇ ಆಸೆ: ಆ ಕೋದಂಡರಾಮಣ್ಣನ್ನ ಯಾರಾದ್ರೂ ವಾಪಸ್ ಮಂಡಿಗೆ ಕರ್ಕೊಂಡು ಹೋಗ್ಲಿ."